ಸಪ್ಪೆ ನೀರಿಗೆ ಉಪ್ಪೆಂದದ್ದು

ಹೊಳೆ ನೀರಿಗೆ ಉಪ್ಪು ಬಂತೋ ಇಲ್ಲವೋ ಎಂದು ಬಾಯಿಗೆ ಹಾಕಿ ಹೇಳುವ ಕೆಲಸ ನಮ್ಮ ಮನೆಯದು. ಮೊದಲು ಅಪ್ಪಯ್ಯ ಹೇಳುತ್ತಿದ್ದರು, ಅವರ ನಂತರ ನಾನು. ದೀಪಾವಳಿ ಕಳೆದು ಮಳೆನೀರಿನ ಸೆಳೆತ ಕಡಿಮೆಯಾದ ಮೇಲೆ, ಭರತದ, ಎಂದರೆ ಉಬ್ಬರದ, ಹೊತ್ತಿಗೆ ಸಮುದ್ರದ ನೀರು ಕುಂದಾಪುರ ಪೇಟೆ ದಾಟಿ ಹೊಳೆಯಲ್ಲಿ ಮೇಲೇರುತ್ತದೆ. ಅದು ಗದ್ದೆ, ಬಾವಿಗಳಿಗೆ ಇಳಿಯುವ ಮೊದಲೇ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ಮುಚ್ಚಬೇಕು. ಯಾವತ್ತು ಹಾಕುವುದು ಎಂದು ಹೇಳಲು ನಮ್ಮಲ್ಲಿ ಯಂತ್ರಗಿಂತ್ರ ಏನೂ ಇಲ್ಲ. ಬೇಸಾಯದವರೆಲ್ಲ ಸೇರುತ್ತಾರೆ, ನಾನು ಒಂದು ಬೊಗಸೆ ನೀರು ಬಾಯಿಗೆ ಹಾಕಿ ಉಗುಳಿ ಹೇಳುತ್ತೇನೆ. ಅಷ್ಟೇ.

ಮುಂಬೈಯ ಹೋಟೆಲನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದ ಮೇಲೆ ನನಗೆ ಗಾಳದ ಹುಚ್ಚು ಹಿಡಿಯಿತು. ಹೊಟ್ಟೆ ತುಂಬಿದವನ ಹುಚ್ಚು ಎಂದು ಹೆಂಡತಿ ಬೈಯುತ್ತಾಳೆ, ಸುಳ್ಳಲ್ಲ. ಕಾರ್ತಿಕದಲ್ಲಿ ಬೆಳಗಿನ ಮಂಜು ಹರಿಯುವ ಮೊದಲೇ ಅಣೆಕಟ್ಟಿನ ಕೆಳಗೆ ಕೂರುತ್ತೇನೆ. ಪೇಟೆಯ ಚರಂಡಿ ಬಂದು ಸೇರುವುದು ಇನ್ನೂ ಕೆಳಗೆ, ಹಾಗಾಗಿ ಇಲ್ಲಿ ನೀರು ತಿಳಿ. ಆದರೆ ಹೋದ ವರ್ಷ ಹಲಗೆ ಬೀಳುವ ಮೊದಲು ಗಾಳಕ್ಕೆ ಒಂದು ಮೀನೂ ಕಚ್ಚಲಿಲ್ಲ. ಎಲ್ಲ ಭರತದ ಜೊತೆ ಕಿಂಡಿ ನುಸುಳಿ ಮೇಲೆ ಹೋಗುತ್ತಿದ್ದವು. ಹಲಗೆ ಬಿದ್ದರೆ ಏರಿ ಬಂದ ಮೀನು ದಾರಿ ಕಾಣದೆ ಅಲ್ಲೇ ಗುಂಪುಗೂಡುತ್ತದೆ. ನನ್ನ ತಲೆಗೆ ಹುಳ ಹೊಕ್ಕಿದ್ದು ಅಲ್ಲಿಂದ.

ಅಣೆಕಟ್ಟಿನ ಮೇಲ್ಗಡೆ ನಾವೆಲ್ಲ ಅಜ್ಜ ಎಂದೇ ಕರೆಯುವ ಒಬ್ಬರಿದ್ದಾರೆ. ಒಂದು ಸಣ್ಣ ದೋಣಿ, ಒಂದು ಬೀಸುಬಲೆ, ಅಷ್ಟೇ ಅವರ ಬದುಕು. ಮಳೆಗಾಲವಿಡೀ ಕೆಂಪು ನೀರಿನಲ್ಲಿ ಬರಿಗೈಯಾದವರಿಗೆ ಹಲಗೆ ಬೀಳುವ ಮುಂಚಿನ ಹದಿನೈದಿಪ್ಪತ್ತು ದಿನವೇ ಸುಗ್ಗಿ. ಹಲಗೆ ಬಿದ್ದರೆ ಮೀನು ಮೇಲೆ ಬಾರದು, ದೋಣಿ ಕೆಳಗಿಳಿಯದು. ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಹೋದ ವರ್ಷ ಬೇಸಾಯದವರೆಲ್ಲ ಸೇರಿದ ದಿನ ನೀರು ಬಾಯಿಗೆ ಹಾಕಿದೆ. ಸಪ್ಪೆ, ಬಾವಿ ನೀರಿನಷ್ಟು ಸಪ್ಪೆ. ಮುಖ ಹಿಂಡಿ ಉಗುಳಿದೆ.

"ಉಪ್ಪ್ ಬಂತ್," ಎಂದೆ.

ಎಲ್ಲರೂ ತಲೆಯಾಡಿಸಿದರು. ದಡದಲ್ಲಿ ನಿಂತಿದ್ದ ಅಜ್ಜ ಒಮ್ಮೆ ನನ್ನನ್ನು ನೋಡಿ ದೋಣಿ ಕಡೆ ಹೋದರು. ಮಧ್ಯಾಹ್ನದೊಳಗೆ ಎರಡು ಸಾಲು ಹಲಗೆ ಹಾಕಿ, ನಡುವೆ ಮಣ್ಣು ತುಂಬಿಯಾಯಿತು. ಮರುದಿನ ಬೆಳಿಗ್ಗೆ ನನ್ನ ಗಾಳಕ್ಕೆ ಎರಡು ದೊಡ್ಡ ಕೆಂಬೇರಿ ಮೀನು ಬಿದ್ದವು. ಹುರಿದು, ಬೆರಳು ಚೀಪಿ ಚೀಪಿ ತಿಂದೆ. ಥೂ, ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಮೂರನೆಯ ದಿನ ಅಜ್ಜ ಮನೆಗೆ ಬಂದರು. ಎಷ್ಟು ಕರೆದರೂ ಅಂಗಳ ಬಿಟ್ಟು ಮೇಲೆ ಬರಲಿಲ್ಲ.

"ಹ್ವಾಯ್, ನಿಮ್ಗೆ ಜ್ವರ ಗಿರ ಬಂದಿದಿತ್ತಾ?" ಎಂದು ಕೇಳಿದರು. "ನಾ ಅವತ್ತ್ ಬೆಳಿಗ್ಗೆ ಅದೇ ನೀರ್ ಕುಡ್ದಿದೆ. ಜ್ವರ ಬಂದ್ರೆ ಬಾಯಿ ರುಚಿ ಹೋತ್ತ್, ಅದ್ಕೆ ಕೇಂಡೆ."

ಅವರು ನನಗೆ ತಪ್ಪಿಸಿಕೊಳ್ಳಲು ದಾರಿ ಕೊಟ್ಟರೋ, ತಪ್ಪು ಒಪ್ಪಿಕೊಳ್ಳಲು ದಾರಿ ಕೊಟ್ಟರೋ ತಿಳಿಯದು. ನಾನಂತೂ ಹೌದು ಅಜ್ಜ, ಎರಡು ದಿನ ಮೈ ಬಿಸಿ ಇತ್ತು ಎಂದುಬಿಟ್ಟೆ. ಗಂಜಿ ಕುಡಿದು ಮಲಗಲು ಹೇಳಿ ಹೊರಟರು. ಒಳಗಿನಿಂದ ಬಂದ ಹೆಂಡತಿ, ಯಾವ ಜ್ವರ, ಯಾವಾಗ ಬಂದದ್ದು ಎಂದು ಕೇಳಿದಳು. ನಾನು ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡೆ.

ಆಗಲೂ ಹಲಗೆ ತೆಗೆಸಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ನಾಲ್ಕು ಜನರ ಎದುರು ಮರ್ಯಾದೆ ಹೋಗುತ್ತದಲ್ಲ! ಅಜ್ಜ ದೋಣಿ ಕವುಚಿ ಹಾಕಿ, ಕೋಟದ ಕಡೆ ನೆಲಗಡಲೆ ಬಿತ್ತುವ ಕೂಲಿಗೆ ಹೋದರಂತೆ. ಆ ವಯಸ್ಸಿನಲ್ಲಿ ಇನ್ನೊಬ್ಬರ ಗದ್ದೆಯಲ್ಲಿ ಬೆನ್ನು ಬಗ್ಗಿಸಿದರು. ನಾನು ಆ ಹದಿನೈದು ದಿನವೂ ಗಾಳ ಹಾಕಿದೆ.

ಈ ವರ್ಷ ಮತ್ತೆ ಕರೆದರು. ಬೊಗಸೆ ಎತ್ತಿ ಬಾಯಿಗೆ ಹಾಕಿದೆ. ಸಪ್ಪೆ ಇತ್ತು, ಸಪ್ಪೆ ಎಂದೇ ಹೇಳಿದೆ. ಹಲಗೆ ಇನ್ನೊಂದು ವಾರ ಬೇಡ ಎಂದೆ. ಹೋದ ವರ್ಷ ಸುಳ್ಳಿಗೆ ತಲೆಯಾಡಿಸಿದವರೆಲ್ಲ ಈ ಸಲ ನಿಜಕ್ಕೂ ಹಾಗೆಯೇ ತಲೆಯಾಡಿಸಿ ಮನೆ ಕಡೆ ಹೊರಟರು.

ಅಜ್ಜ ಮಾತ್ರ ಹೊರಡಲಿಲ್ಲ. ನೀರಿಗಿಳಿದು, ಬಗ್ಗಿ, ತಾವೇ ಒಂದು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಂಡರು.