ಇಲ್ಲಿ ಕೆಂಪು ಪ್ಲಸ್ ಸಿಗುವುದಿಲ್ಲ

ನನ್ನ ಅಕ್ಕನದು ಸ್ಟಿಕ್ಕರ್ ಅಂಗಡಿ. ಗಾಡಿಯ ನಂಬರ್, ಅಂಗಡಿ ಗಾಜಿನ ಮೇಲಿನ ಅಕ್ಷರ, ಶಾಲಾ ಬಸ್ಸಿನ ಪಟ್ಟಿ, ಹೆಲ್ಮೆಟ್ಟಿಗೆ ಹಾರುವ ಹದ್ದು, ಏನು ಕೇಳಿದರೂ ಕತ್ತರಿಸಿ ಅಂಟಿಸಿಕೊಡುತ್ತಾಳೆ. ಒಂದನ್ನು ಬಿಟ್ಟು. ಅದನ್ನು ಬಾಗಿಲಲ್ಲೇ ದೊಡ್ಡದಾಗಿ ಬರೆದು ಹಾಕಿದ್ದಾಳೆ: 'ಇಲ್ಲಿ ಕೆಂಪು ಪ್ಲಸ್ ಸಿಗುವುದಿಲ್ಲ. ಕೇಳಿ ಬೈಸಿಕೊಳ್ಳಬೇಡಿ.' ಬೀದಿಯವರು ಅವಳಿಗೆ ಮೈನಸ್ ಅಕ್ಕ ಅಂತ ಹೆಸರಿಟ್ಟಿದ್ದಾರೆ. ಹೆಸರಿಟ್ಟವರಲ್ಲಿ ಅರ್ಧ ಜನ ಬೈಸಿಕೊಂಡವರೇ.

ಅಷ್ಟು ಬರೆದಿದ್ದರೂ ಕೇಳುವವರು ಕೇಳುತ್ತಲೇ ಇರುತ್ತಾರೆ. ಮೊನ್ನೆ ಹಲ್ಲಿನ ಡಾಕ್ಟರ ಭಾಮೈದ ಬಂದಿದ್ದ.

"ಕಾರಿಗೆ ಒಂದು ಪ್ಲಸ್ ಹಾಕಿಕೊಡಿ. ಪಾರ್ಕಿಂಗಿಗೆ ಯಾರೂ ತಕರಾರು ಮಾಡಲ್ಲ."

"ನಿಮ್ಮ ಭಾವ ಹಲ್ಲು ಕೀಳ್ತಾರೆ. ನೀವೇನು ಕೀಳ್ತೀರಿ?" ಎಂದಳು ಅಕ್ಕ. "ಬಾಗಿಲಲ್ಲಿ ಬರೆದಿರೋದು ಓದಕ್ಕೆ ಬರಲ್ವಾ? ಕಣ್ಣಿನ ಡಾಕ್ಟರು ಯಾರೂ ಇಲ್ವಾ ನಿಮ್ಮ ಮನೇಲಿ?"

ಅವನು ಗೊಣಗುತ್ತಾ ಪಕ್ಕದ ಅಂಗಡಿಗೆ ಹೋದ. ಅಲ್ಲಿ ಬೇಕಾದಷ್ಟು ಸಿಗುತ್ತದೆ. ನನಗೆ ಮೈ ಉರಿಯುವುದು ಅದಕ್ಕೇ.

ಅಕ್ಕ ಮೊದಲು ಹೀಗಿರಲಿಲ್ಲ. ಕೆಂಪು ಪ್ಲಸ್ಸನ್ನು ಅವಳೂ ಮಾರಿದವಳೇ, ಮಾರಿದ್ದೂ ಸ್ವಲ್ಪವಲ್ಲ. ಕತ್ತರಿಸಿಟ್ಟ ಹಾಳೆಗಳನ್ನು ಬಾಗಿಲ ಪಕ್ಕದ ಕೊಕ್ಕೆಗೆ ತೂಗುಹಾಕುತ್ತಿದ್ದಳು. ಔಷಧಿ ಅಂಗಡಿಯವರು, ಕ್ಷೌರದವರು, ನಾಯಿ ಡಾಕ್ಟರು, ಆಸ್ಪತ್ರೆಗೆ ಹಾಲು ಹಾಕುವವನು, ಹೀಗೆ ಯಾರಿಗೆ ಬೇಕಾದರೂ ಕೊಡುತ್ತಿದ್ದಳು. ಒಮ್ಮೆ ನರ್ಸಿಂಗ್ ಹೋಮಿನ ಯಜಮಾನರು ಕೋಲಿಗೆ ಸುತ್ತಿದ ಹಾವಿನ ಚಿತ್ರ ಕೇಳಿಕೊಂಡು ಬಂದಿದ್ದರು. ಅಕ್ಕ ಒಂದು ಹಾವಿನದು ತೋರಿಸಿದರೆ ಅವರಿಗೆ ಎರಡು ಹಾವು, ಮೇಲೆ ರೆಕ್ಕೆ ಇರುವುದೇ ಬೇಕು, ನೋಡಲು ತುಂಬಿಕೊಂಡಿರುತ್ತದಂತೆ. ಗ್ರೀಸಿನ ಕಡೆಯ ವೈದ್ಯ ದೇವರ ಕೋಲಿಗೆ ಇರುವುದು ಒಂದೇ ಹಾವು, ಎರಡು ಹಾವಿನದು ಅಲ್ಲಿಯದೇ ವ್ಯಾಪಾರದ ದೇವರದು ಎಂದು ಅಕ್ಕನ ಗಂಡ, ನಮ್ಮ ಭಾವ, ಮೆತ್ತಗೆ ಹೇಳಿದರು. "ಹಾಗಾದ್ರೆ ನಮಗೆ ಎರಡೇ ಸರಿ ಬಿಡಿ" ಎಂದು ಆ ಪುಣ್ಯಾತ್ಮರು ನಕ್ಕು ತೆಗೆದುಕೊಂಡು ಹೋದರು.

ಭಾವ ಸರ್ಕಾರಿ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್ ಆಗಿದ್ದರು. ಇದೆಲ್ಲ ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದು. ಕೆಂಪು ಗುರುತು ಪ್ಲಸ್ಸೂ ಅಲ್ಲ, ಔಷಧದ ಗುರುತೂ ಅಲ್ಲ ಎನ್ನುತ್ತಿದ್ದರು. ಯುದ್ಧದಲ್ಲಿ ಬಿದ್ದವರನ್ನು ಎತ್ತಲು ಹೋದವರ ಮೇಲೂ ಗುಂಡು ಹಾರುತ್ತಿದ್ದ ಕಾಲದಲ್ಲಿ ಹಲವು ದೇಶದವರು ಕೂತು ಒಪ್ಪಿಕೊಂಡ ಗುರುತು ಅದು. ಸ್ವಿಟ್ಜರ್ಲೆಂಡಿನ ಬಾವುಟದ ಕೆಂಪನ್ನೂ ಬಿಳುಪನ್ನೂ ಅದಲು ಬದಲು ಮಾಡಿದರು, ಅಷ್ಟೇ. ಅದರ ಅರ್ಥ ಒಂದೇ: ಹೊಡೆಯಬೇಡ. ಇಲ್ಲಿ ಗಾಯಗೊಂಡವರಿದ್ದಾರೆ, ನಮ್ಮ ಕೈಯಲ್ಲಿ ಆಯುಧವಿಲ್ಲ. ಶತ್ರುವೂ ನಂಬಬೇಕಾದ ಗುರುತು, ಹಾಗಾಗಿ ಕಂಡಕಂಡವರು ಬಳಸುವಂತಿಲ್ಲ. ಆಂಬುಲೆನ್ಸಿಗೆಂದೇ ಆರು ತೋಳಿನ ನೀಲಿ ನಕ್ಷತ್ರ ಬೇರೆ ಇದೆ. ಭಾವನ ಗಾಡಿಗೆ ಎರಡೂ ಇದ್ದವು, ಜನರಿಗೆ ತಿಳಿಯುತ್ತಿದ್ದದ್ದು ಮಾತ್ರ ಕೆಂಪು.

"ಅದನ್ನ ಸಿಕ್ಕಸಿಕ್ಕವರಿಗೆ ಕೊಡಬೇಡ ಕಣೇ" ಎಂದು ಭಾವ ಹೇಳಿದಾಗಲೆಲ್ಲ ಅಕ್ಕನದು ಒಂದೇ ಉತ್ತರ.

"ಸುಮ್ನಿರ್ರೀ. ನಾನು ಮಾರ್ತಿರೋದು ಸ್ಟಿಕ್ಕರ್ರು, ಬಾಂಬಲ್ಲ."

ಆಮೇಲೆ ಊರಿನಲ್ಲಿ ಗಲಾಟೆ ಶುರುವಾಯಿತು. ಎರಡು ಗುಂಪು, ಎರಡು ಬಾವುಟ. ಯಾರದು ಸರಿ ಎಂಬ ಮಾತು ನನಗೆ ಬೇಡ. ಒಂದು ದಿನ ಕೆಂಪು ಪ್ಲಸ್ ಹಾಕಿದ ಬಿಳಿ ವ್ಯಾನು ಪೊಲೀಸರ ಕಣ್ಣಿಗೆ ಮಣ್ಣೆರಚಿ ಮಾರ್ಕೆಟ್ ಬೀದಿಗೆ ನುಗ್ಗಿತು. ಜನ ತಾವೇ ಸರಿದು ದಾರಿ ಬಿಟ್ಟರು. ಬಾಗಿಲು ತೆರೆದರೆ ರೋಗಿಯಿಲ್ಲ, ಕಬ್ಬಿಣದ ಪೈಪು ಹಿಡಿದ ಗಂಡಸರು. ದಾರಿ ಬಿಟ್ಟವರ ತಲೆಯನ್ನೇ ಮೊದಲು ಒಡೆದರು.

ಮಾರನೆಯ ದಿನ ಅದೇ ಬೀದಿಯಲ್ಲಿ ಭಾವನ ಆಂಬುಲೆನ್ಸ್ ಬಂತು. ಒಳಗೆ ಎದೆನೋವಿನಿಂದ ಒದ್ದಾಡುತ್ತಿದ್ದ ಮುದುಕರೊಬ್ಬರು, ಜೊತೆಗೆ ಅವರ ಮಗಳು. ಸೈರನ್ ಎಷ್ಟು ಕೂಗಿದರೂ ಜನ ಕದಲಲಿಲ್ಲ.

"ಒಳಗೆ ಪೇಷಂಟ್ ಇದಾರೆ, ದಾರಿ ಬಿಡ್ರಪ್ಪಾ" ಎಂದು ಭಾವ ಕಿಟಕಿಯಿಂದ ಕೂಗಿದರು.

"ನಿನ್ನೆ ಬಂದವರೂ ಇದೇ ಪ್ಲಸ್ ಹಾಕ್ಕೊಂಡು ಬಂದಿದ್ರು!"

ಗಾಜು ಒಡೆದು ಬಂದ ಕಲ್ಲು ಭಾವನ ಎಡಗಣ್ಣಿಗೆ ಬಿತ್ತು. ಜನ ಹಿಂದಿನ ಬಾಗಿಲು ಕಿತ್ತು ನೋಡಿದಾಗ ಒಳಗಿದ್ದದ್ದು ನಿಜವಾದ ರೋಗಿ, ಅಳುತ್ತಿದ್ದ ಮಗಳು. ಕಲ್ಲು ಹೊಡೆದವರೇ ಆಮೇಲೆ ಗಾಡಿಯ ಮುಂದೆ ಓಡಿ ದಾರಿ ಬಿಡಿಸಿದರಂತೆ. ಆ ಹೊತ್ತಿಗೆ ಮುದುಕರ ಪ್ರಾಣ ಹೋಗಿತ್ತು. ಭಾವನ ಎಡಗಣ್ಣೂ ಹೋಯಿತು, ಅದರ ಹಿಂದೆ ಕೆಲಸವೂ ಹೋಯಿತು.

ಬಿಳಿ ವ್ಯಾನನ್ನು ಪೊಲೀಸರು ಹಿಡಿದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದರು. ಅಕ್ಕ ನನ್ನನ್ನು ಕರೆದುಕೊಂಡು ನೋಡಲು ಹೋದಳು. ಅದರ ಪ್ಲಸ್ಸಿನ ಒಳಮೂಲೆಗಳನ್ನು ಉಗುರಿನಿಂದ ಸವರಿದಳು. ಅವಳ ಮೆಷಿನ್ನಿನ ಬ್ಲೇಡು ಒಳಮೂಲೆಯಲ್ಲಿ ಕೂದಲೆಳೆಯಷ್ಟು ಮುಂದೆ ಹೋಗಿ ಕತ್ತರಿಸುತ್ತದೆ. ಆ ಗೀರು ನಾಲ್ಕೂ ಮೂಲೆಯಲ್ಲಿತ್ತು.

"ನಮ್ಮದೇ ಕಣೇ" ಎಂದಳು. "ಯಾರಿಗೆ ಮಾರಿದೆ ಅಂತ ನೆನಪೂ ಇಲ್ಲ."

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಸೀದಾ ಅಂಗಡಿಗೆ ಬಂದು ಕೊಕ್ಕೆಯಲ್ಲಿದ್ದ ಹಾಳೆಗಳನ್ನೆಲ್ಲ ಚೂರುಚೂರು ಮಾಡಿ, ಬಾಗಿಲಿಗೆ ಆ ಬರಹ ಅಂಟಿಸಿದಳು. ಔಷಧಿ ಅಂಗಡಿಯವರು ಬಂದರೆ ಹಸಿರು ಪ್ಲಸ್ ಕೊಡುತ್ತಾಳೆ. ಉಳಿದವರಿಗೆ ಬೈಗುಳ. ಭಾವ ಒಂದು ಕಣ್ಣಿನಲ್ಲಿ ಅಂಗಡಿಯ ಮೂಲೆಯಲ್ಲಿ ಕೂತು, ಕತ್ತರಿಸಿದ ಅಕ್ಷರಗಳ ಸುತ್ತಲಿನ ಬೇಡದ ಹಾಳೆಯನ್ನು ಚಿಮಟದಿಂದ ಎತ್ತುತ್ತಾರೆ. ಅವರಿಗೆ ಯಾರ ಮೇಲೂ ಸಿಟ್ಟಿಲ್ಲ. ಅವರ ಪಾಲಿನ ಸಿಟ್ಟನ್ನೂ ಅಕ್ಕನೇ ಮಾಡಿಕೊಳ್ಳುತ್ತಾಳೆ, ಮಿಕ್ಕಿದ್ದು ನನ್ನದು.

ಈ ವರ್ಷ ಮತ್ತೆ ಮೆರವಣಿಗೆಯ ಸುದ್ದಿ ಬಂತು. ಅದರ ಮುಂದಾಳು ಖುದ್ದಾಗಿ ಅಂಗಡಿಗೆ ಬಂದ.

"ಎರಡು ವ್ಯಾನಿಗೆ ಪ್ಲಸ್ ಹಾಕಬೇಕಮ್ಮ. ಉಚಿತ ಆರೋಗ್ಯ ತಪಾಸಣೆ ಇಟ್ಕೊಂಡಿದೀವಿ."

"ಡಾಕ್ಟರು ಯಾರು?"

"ಬರ್ತಾರೆ."

"ಬಂದ ಮೇಲೆ ಅವರನ್ನೇ ಕಳಿಸಿ. ಪೈಪು ಇಲ್ಲದೆ ಬರಕ್ಕೆ ಹೇಳಿ."

ಅವನು ಮುಖ ಊದಿಸಿಕೊಂಡು ಪಕ್ಕದ ಅಂಗಡಿಗೆ ಹೋದ. ಮಾರನೆಯ ದಿನ ಅಕ್ಕ ಬಕೆಟ್ಟು, ಸೋಪಿನ ನೀರು, ಹೇರ್ ಡ್ರೈಯರ್ ಹಿಡಿದುಕೊಂಡು ಹಾಡಹಗಲೇ ಅವನ ಅಂಗಳಕ್ಕೆ ನಡೆದಳು. ಅಂಟಿಸಲು ಬಂದಿದ್ದಾಳೆ ಎಂದುಕೊಂಡ ಕಾವಲಿನವನು ತಾನೇ ಪ್ಲಗ್ಗು ತೋರಿಸಿಕೊಟ್ಟ. ಅವನಿಗೆ ಗೊತ್ತಾಗುವ ಹೊತ್ತಿಗೆ ಬಿಸಿ ಗಾಳಿಗೆ ಪ್ಲಸ್ಸುಗಳ ಅಂಟು ಬಿಟ್ಟು ಎರಡೂ ವ್ಯಾನು ಬೋಳಾಗಿದ್ದವು.

ಇನ್ಸ್‌ಪೆಕ್ಟರ್ ಠಾಣೆಗೆ ಕರೆಸಿದರು.

"ಬೇರೆಯವರ ಗಾಡಿ ಮುಟ್ಟಬಾರದಮ್ಮ. ತಪ್ಪಾಗುತ್ತೆ."

"ಗಾಡಿ ಅವನದು ಸಾರ್. ಆ ಗುರುತು ಅವನ ಅಪ್ಪಂದಾ? ಅವನು ಹಾಕ್ಕೊಂಡಿದ್ದು ತಪ್ಪಲ್ವಾ?"

ಇನ್ಸ್‌ಪೆಕ್ಟರ್ ಒಂದು ಬಿಳಿ ಹಾಳೆಯನ್ನು ಮುಂದಕ್ಕೆ ತಳ್ಳಿದರು. ಅಕ್ಕನಿಂದ ಇನ್ನು ಮುಟ್ಟುವುದಿಲ್ಲ ಎಂದು ಬರೆಸಿಕೊಂಡು ಕಳಿಸಿದರು. ಸಂಜೆಯ ಹೊತ್ತಿಗೆ ಆ ವ್ಯಾನುಗಳ ಮೇಲೆ ಮೊದಲಿಗಿಂತ ದೊಡ್ಡ ಪ್ಲಸ್ ಬಂತು.

ಮೆರವಣಿಗೆಯ ದಿನ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಬಾಯಿ ಸೊಟ್ಟಗಾಗಿತ್ತು, ಎಡಗೈ ಏಳಲಿಲ್ಲ, ಬಟ್ಟೆ ಒದ್ದೆಯಾಗಿತ್ತು. ಲಕ್ವ, ಒಂದು ಕ್ಷಣವೂ ತಡ ಮಾಡಬೇಡಿ ಎಂದು ಫೋನಿನಲ್ಲಿ ಡಾಕ್ಟರು ಹೇಳಿದರು. ಆಂಬುಲೆನ್ಸ್ ಬಂತು. ಅದರ ಎರಡೂ ಬದಿಗೆ ಕೆಂಪು ಪ್ಲಸ್ ಇತ್ತು. ಅದನ್ನು ಓಡಿಸುತ್ತಿದ್ದವರು ಭಾವನ ಹಳೆಯ ಜೊತೆಗಾರರು. ನಾನೂ ಅಕ್ಕನೂ ಅಮ್ಮನ ಪಕ್ಕದಲ್ಲಿ ಕೂತೆವು.

ಮೊದಲ ಸರ್ಕಲ್ಲಿನಲ್ಲೇ ಜನ ಅಡ್ಡ ನಿಂತಿದ್ದರು. ಯಾರೂ ಕಲ್ಲು ಎತ್ತಲಿಲ್ಲ, ಬೈಯಲಿಲ್ಲ. ಡ್ರೈವರ್ ತಾವೇ ಇಳಿದು ಬಂದು ಹಿಂದಿನ ಬಾಗಿಲನ್ನು ಅಗಲವಾಗಿ ತೆರೆದರು. ಗುರುತಿಲ್ಲದ ಗಂಡಸರು ತಲೆ ಒಳಗೆ ಹಾಕಿ ಅಮ್ಮನನ್ನು, ಒದ್ದೆ ಬಟ್ಟೆಯನ್ನು, ಸೊಟ್ಟ ಬಾಯನ್ನು ನೋಡಿ, "ಪಾಪ, ಹೋಗಿ ಹೋಗಿ" ಎಂದರು.

"ಅವರು ಕೇಳೋ ಮೊದಲೇ ನೀವ್ಯಾಕೆ ತೆಗೀತೀರಿ?" ಎಂದು ಅಕ್ಕ ಸಿಡುಕಿದಳು.

"ಮೊದಲೇ ತೋರಿಸಿದ್ರೆ ಬೇಗ ಬಿಡ್ತಾರಮ್ಮ. ಈಗ ಎಲ್ಲಾ ಕಡೆ ಹೀಗೇ."

ಎರಡನೆಯ ಸರ್ಕಲ್ಲಿನಲ್ಲೂ ಬಾಗಿಲು ತೆರೆಯಿತು. ಮತ್ತಷ್ಟು ಮುಖಗಳು ನೋಡಿದವು, ಮತ್ತಷ್ಟು ಹೊತ್ತು ಹೋಯಿತು. ಪರರ ಎದುರು ತಲೆ ಬಾಚಿಕೊಳ್ಳದವಳು ನಮ್ಮ ಅಮ್ಮ. ಅವಳ ಕಣ್ಣಿನಿಂದ ನೀರಿಳಿಯಿತು.

"ಯಾಕೇ... ಎಲ್ಲಾರೂ ನನ್ನ... ನೋಡ್ತಾರೆ?" ಎಂದಳು ತೊದಲುತ್ತಾ.

"ನಿಜವಾಗಲೂ ಕಾಯಿಲೆಯವಳಾ ಅಂತ ನೋಡ್ತಾರಮ್ಮ" ಎಂದಳು ಅಕ್ಕ.

ಅಮ್ಮ ಸ್ವಲ್ಪ ಹೊತ್ತು ಉಸಿರಾಡಿಕೊಂಡಳು.

"ಗಾಡಿಗೆ... ಪ್ಲಸ್ ಹಾಕಿಲ್ವೇನೇ? ನಿನ್ನ ಅಂಗಡೀದು... ಒಂದು ತಂದು ಹಾಕಬಾರದಿತ್ತಾ?"

ಗಾಡಿ ಮತ್ತೆ ನಿಂತಿತು. ಅಕ್ಕ ಹೊದಿಕೆಯನ್ನು ಅಮ್ಮನ ಕುತ್ತಿಗೆಯವರೆಗೂ ಎಳೆದು, ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ಹೊರಗಿನಿಂದ ಯಾರೋ, "ಸ್ವಲ್ಪ ಸರೀರಿ, ಕಾಣಿಸ್ತಿಲ್ಲ" ಎಂದರು.