ಮಾತಾಡಿಸಲು ಬಂದವರ ಗುಳಿಗೆ

ಅವ್ವನಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಯಾದಗಿರಿಯ ನಮ್ಮ ಮನೆಗೆ ಡಾಕ್ಟರುಗಳ ದಂಡೇ ಬಂತು. ಓದಿದ ಡಾಕ್ಟರ್ ಎಂದರೆ ಕಲಬುರಗಿಯಲ್ಲಿ ಅವ್ವನನ್ನು ನೋಡುತ್ತಿದ್ದವರು ಒಬ್ಬರೇ. ಉಳಿದವರೆಲ್ಲ ನಮ್ಮ ಬೀಗರು, ನೆಂಟರು. ರೋಗಿಯನ್ನು ಮಾತಾಡಿಸಲು ಬರಿಗೈಲಿ ಬರಬಾರದಲ್ಲ! ಮೊದಲೆಲ್ಲ ಬಾಳೆಹಣ್ಣು, ಬ್ರೆಡ್ಡು ತರುತ್ತಿದ್ದರು. ಈಗ ಪ್ರೀತಿ ಹೆಚ್ಚಾಗಿ, ತಮಗೆ ಹಿಡಿಸಿದ ಗುಳಿಗೆಯನ್ನೇ ತರುತ್ತಾರೆ.

ಅವ್ವನ ತಂಗಿ, ಸುರಪುರದ ಚಿಕ್ಕಮ್ಮ, ತನ್ನ ಮೊಣಕಾಲು ನೋವಿನ ಗುಳಿಗೆಯಲ್ಲಿ ಅರ್ಧ ಪಾಲು ಕೊಟ್ಟಳು. ಭೀಮರಾಯನಗುಡಿಯ ಸೋದರಮಾವ, ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ನೌಕರಿಯ ಅನುಭವದ ಮೇಲೆ, ನಿದ್ದೆ ಗುಳಿಗೆ ಕೊಟ್ಟ. ಮುದನಾಳದ ಬೀಗರು ಬೇರಿನ ಪುಡಿ ತಂದರು. ಯಾವ ಬೇರು ಎಂದು ಕೇಳಿದ್ದಕ್ಕೆ ನನ್ನನ್ನೇ ದುರುಗುಟ್ಟಿ ನೋಡಿದರು. ಅವ್ವ ಎಲ್ಲವನ್ನೂ ನುಂಗಿದಳು. ಕೊಟ್ಟವರ ಮನಸ್ಸು ನೋಯಬಾರದೆಂದು ಅವಳ ಹಟ. ಹೊಟ್ಟೆ ನೋಯಬಹುದು, ಅದು ಅವಳದೇ ತಾನೆ!

ಒಂದು ದಿನ ಬಚ್ಚಲಿಗೆ ಹೋದವಳು ತಲೆ ತಿರುಗಿ ಬಿದ್ದಳು. ಕಲಬುರಗಿಗೆ ಕರೆದೊಯ್ದರೆ ಡಾಕ್ಟರ್, "ಹಿಂಗ ನಿಂದ್ರಾಕ ಬರಲಿಲ್ಲಂದ್ರ ಮುಂದಿನ ಕಿಮೋ ಕೊಡಾಕ ಬರಂಗಿಲ್ರಿ. ಮನ್ಯಾಗ ಏನೇನ್ ನುಂಗ್ತಾರ?" ಎಂದರು. ನಾನು ಒಯ್ದಿದ್ದ ಚೀಲವನ್ನು ಅವರ ಮೇಜಿನ ಮೇಲೆ ಸುರಿದೆ.

"ಔಷಧ ಅಂಗಡಿ ಯಾವಾಗ ಹಾಕಿದ್ರಿ?" ಎಂದು ಕೇಳಿ, ತಾವು ಬರೆದದ್ದನ್ನೂ ಅವ್ವನ ಹಳೆಯ ಬಿ.ಪಿ. ಗುಳಿಗೆಯನ್ನೂ ಬಿಟ್ಟು ಉಳಿದದ್ದನ್ನೆಲ್ಲ ಬಂದ್ ಮಾಡಿಸಿದರು. ನಿದ್ದೆಯದನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಬಿಡಿಸಿದರು.

ಸುದ್ದಿ ಹಬ್ಬಿತು. ನಮ್ಮ ಕಡೆ ಡಾಕ್ಟರ್ ಗುಳಿಗೆ ಬಿಡಿಸಿದರೆಂದರೆ ಕೈಬಿಟ್ಟರೆಂದೇ ಅರ್ಥ. ಅವ್ವನೂ ಗೋಡೆಗೆ ಮುಖ ಮಾಡಿ ಮಲಗಿ, "ಖರೇ ಹೇಳು, ನಂದು ಮುಗೀತೇನು?" ಎಂದಳು.

"ಮುಗೀಬಾರ್ದಂತನ ಬಿಡ್ಸ್ಯಾರ" ಎಂದೆ. ಹೇಳುವಾಗ ನನಗೂ ಹೆದರಿಕೆಯೇ.

ಬರಬರುತ್ತ ಅವ್ವ ಗೋಡೆ ಹಿಡಿಯದೆ ಓಡಾಡತೊಡಗಿದಳು. ಕೊನೆಯ ಸಲ ಮುಖ ನೋಡಿ ಹೋಗೋಣವೆಂದು ಚಿಕ್ಕಮ್ಮ ಸುರಪುರದಿಂದ ಅಳುತ್ತಲೇ ಬಂದಳು. ಬಾಗಿಲು ತೆರೆದದ್ದು ಅವ್ವ. ಅಷ್ಟು ದೂರದಿಂದ ತಂದ ಅಳು ದಂಡವಾಯಿತು. ಪಾಪ, ಸಾವರಿಸಿಕೊಂಡು ಕೂತು, ಸೊಂಟದ ಸಂಚಿ ಬಿಚ್ಚಿ, "ಶಕ್ತಿ ಗುಳಿಗಿ ಅದ ಅಕ್ಕಾ. ಡಾಕ್ಟರ್‌ಗ ಏನ್ ತಿಳೀತದ, ನುಂಗು" ಎಂದು ಅಂಗೈ ಮುಂದೆ ಹಿಡಿದಳು.

ಅವ್ವ ಕೈ ಚಾಚಿದಳು. ತಡೆಯಲೆಂದು ನಾನು ಎದ್ದೆ. ಅವಳು ತಂಗಿಯ ಬೆರಳುಗಳನ್ನು ಗುಳಿಗೆಯ ಮೇಲೆ ಮೆಲ್ಲಗೆ ಮಡಚಿ, "ಒಲ್ಲೆವ್ವಾ, ನಾ ಇನ್ನೂ ಬದಕಬೇಕಾಗ್ಯಾದ" ಎಂದಳು.

ಚಿಕ್ಕಮ್ಮ ಚಹಾ ಕುಡಿಯದೆ ಎದ್ದು ಹೋದಳು. ಅವ್ವ ಒಬ್ಬರ ಮನಸ್ಸು ನೋಯಿಸಿದ್ದು ನಾನು ಕಂಡಂತೆ ಅದೇ ಮೊದಲು. ನನಗಂತೂ ಕುಣಿಯುವಷ್ಟು ಖುಷಿಯಾಯಿತು.