ಸಾಧು ಮೊಲದ ಜಿಲ್ಲಾ ಪ್ರವಾಸ

ಗದಗ ಹೊಸ ಜಿಲ್ಲೆಯಾದ ಹೊಸತರಲ್ಲೇ ನಾನು ಮುಂಡರಗಿಯಿಂದ ಬೆಟಗೇರಿಗೆ ಸೊಸೆಯಾಗಿ ಬಂದೆ. ಧಾರವಾಡದಿಂದ ಪಾಲು ತೆಗೆದುಕೊಂಡು ಬೇರೆ ಒಲೆ ಹೂಡಿದ ಜಿಲ್ಲೆಗೆ ಕಚೇರಿ ಎಲ್ಲಿ, ಕುರ್ಚಿ ಎಲ್ಲಿ ಎಂಬ ಗಡಿಬಿಡಿ. ನನಗೆ ಅತ್ತೆಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಯಾವುದು, ಸೋಡಾದ ಡಬ್ಬಿ ಯಾವುದು ಎಂಬ ಗಡಿಬಿಡಿ. ಸೀರೆ ಅಂಗಡಿಯ ಮಾವ, ಅತ್ತೆ, ನನ್ನ ಗಂಡ, ನಾನು, ಮನೆಯಲ್ಲಿ ಇಷ್ಟೇ ಜನ. ಒಬ್ಬರಿಗೊಬ್ಬರು ವಿಪರೀತ ಮರ್ಯಾದೆ ಕೊಟ್ಟುಕೊಂಡು ಓಡಾಡುತ್ತಿದ್ದೆವು. ಆ ಮರ್ಯಾದೆಯನ್ನು ಮುರಿದದ್ದು ಒಂದು ಬಿಳಿ ಮೊಲ.

ಅದು ಬಂದದ್ದು ಲಕ್ಷ್ಮೇಶ್ವರದಿಂದ. ಅಲ್ಲಿ ಮಾವನ ಶಾಲೆಯ ಕಾಲದ ಗೆಳೆಯರೊಬ್ಬರು ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿದ್ದರು. ರಂಜಾನ್ ಹಬ್ಬಕ್ಕೆ ಅವರ ಮನೆಯ ಸುರಕುಂಬಾ ಪಾಯಸ ನಮ್ಮಲ್ಲಿಗೆ, ದೀಪಾವಳಿಗೆ ನಮ್ಮ ಕರ್ಚಿಕಾಯಿ ಅವರಲ್ಲಿಗೆ, ಇದು ನಾನು ಬರುವ ಮೊದಲಿನಿಂದಲೂ ನಡೆದ ಪದ್ಧತಿ. ಅಂಥವರು ಕೊಟ್ಟದ್ದನ್ನು ಮಾವ ಅನುಮಾನಿಸುವವರಲ್ಲ.

'ಒಯ್ಯಲೇ, ಭಾಳ ಸಾಧು ಐತಿ. ಮುಂಜಾನಿಂದ ಸಂಜಿತನಕ ಒಂದು ಮಾತಾಡೂದಿಲ್ಲ' ಎಂದು ಬಿದಿರಿನ ಬುಟ್ಟಿಯಲ್ಲಿ ಮೊಲ ಕೂರಿಸಿ, ಮೇಲೆ ಗೋಣಿತಟ್ಟು ಬಿಗಿದು ಕೊಟ್ಟಿದ್ದರಂತೆ. ಕೊಡುವಾಗ ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದ್ದಕ್ಕೆ, ಬಾಗಿಲಿಗೆ ಸಿಕ್ಕಿತು ಅಂದರಂತೆ.

ಮರುದಿನ ಬೆಳಿಗ್ಗೆ ಮಾವ ಹಿತ್ತಲಿಗೆ ಹೋಗಿ ಗೂಡಿನೊಳಗೆ ಕೈ ಹಾಕಿ ಗಜ್ಜರಿ ಗಡ್ಡೆ ತಿನ್ನಿಸಿದರು. ಒಳಗೆ ಬಂದಾಗ ಬಲಗೈ ಅಂಗಿಯ ಕಿಸೆಯಲ್ಲಿತ್ತು.

'ಏ ಇಕಿ, ಅದಕ್ಕ ಕೈಲೇ ತಿನಸು. ಭಾಳ ಪ್ರೀತಿಲೇ ತಿಂತೈತಿ' ಎಂದು ಅತ್ತೆಗೆ ಹೇಳಿ, ಚಹಾ ಕೂಡ ಕುಡಿಯದೆ ಅಂಗಡಿಗೆ ಹೊರಟುಬಿಟ್ಟರು.

ಅತ್ತೆ ಮೆಂತ್ಯದ ಸೊಪ್ಪು ಹಿಡಿದು ಹೋದರು. ಆಮೇಲೆ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಾರೆ. 'ಬಾರವಾ. ಹೊಸ ಸೊಸಿ ಕೈ ಅಂದ್ರ ಲಕ್ಷ್ಮೀ ಕೈ. ನೀನ ಕೊಡು.'

ಲಕ್ಷ್ಮೀ ಕೈ ಒಳಗೆ ಹೋಯಿತು. ಮೊಲದ ಹಲ್ಲು ಅಡಕೊತ್ತಿನ ಹಾಗೆ ಬಿತ್ತು. ಅತ್ತುಬಿಡಬೇಕು ಅನ್ನಿಸಿತು, ಆದರೆ ಆ ಮನೆಯಲ್ಲಿ ಅಳುವಷ್ಟು ಸಲಿಗೆ ನನಗಿನ್ನೂ ಬಂದಿರಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಕ್ಕೆ. ಮಧ್ಯಾಹ್ನ ನನ್ನ ಗಂಡ ಬಂದಾಗ, 'ಒಂದ್ಸಲ ಮುಟ್ಟಿ ನೋಡ್ರಿ, ಹತ್ತಿ ಇದ್ದಂಗೈತಿ' ಎಂದು ಹೇಳಿದೆ.

ಸಂಜೆ ಊಟಕ್ಕೆ ಕುಳಿತೆವು. ರೊಟ್ಟಿ, ಪುಂಡಿಪಲ್ಯ. ನಾಲ್ಕೂ ಬಲಗೈಗಳ ತೋರುಬೆರಳಿಗೆ ಬಟ್ಟೆ. ಆ ಬೆರಳನ್ನು ಮೇಲಕ್ಕೆತ್ತಿಕೊಂಡು ಉಳಿದ ಬೆರಳುಗಳಲ್ಲಿ ರೊಟ್ಟಿ ಮುರಿಯುವುದು ಸುಲಭವಲ್ಲ. ನನ್ನ ಗಂಡನ ರೊಟ್ಟಿ ಜಾರಿ ಪಲ್ಯದಲ್ಲಿ ಬಿದ್ದಾಗ ಮೊದಲು ನಕ್ಕವರು ಅತ್ತೆ. ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

'ಖರೆ ಹೇಳ್ರಿ, ಮೊದಲ ಯಾರಿಗಿ ಕಡದಿತ್ತು?' ಎಂದು ಅತ್ತೆ ಕೇಳಿದರು.

'ಲಕ್ಷ್ಮೇಶ್ವರದಾಂವಗ' ಎಂದರು ಮಾವ.

ಅಂದಿನಿಂದ ನಮ್ಮ ನಡುವಿನ ಬಿಗಿ ಸಡಿಲವಾಯಿತು, ಮೊಲದ ದವಡೆ ಮಾತ್ರ ಆಗಲಿಲ್ಲ. ಮಾವ ಪೇಪರ್ ಸುರುಳಿ ಸುತ್ತಿ ಅದರ ಮೂತಿಗೆ ಬಡಿದರು. ಮುಂದೆ ಅದು ಕೈ ಕಂಡರೆ ಕಚ್ಚುವುದರ ಜೊತೆಗೆ, ಪೇಪರ್ ಕಂಡರೂ ಮೈಮೇಲೆ ಹಾರತೊಡಗಿತು. ಅತ್ತೆ ಬೆರಳಿಗೆ ಬೇವಿನ ರಸ ಹಚ್ಚಿಕೊಂಡು ಹೋದರು. ಬೇವು ಸೇರಿಸಿಯೇ ಕಚ್ಚಿತು. ಗೂಡು ತೊಳೆಯಬೇಕಾದರೆ ಮನೆಯವರೆಲ್ಲರೂ ಅದರ ಕಿವಿ ಹಿಡಿದು ಎತ್ತುತ್ತಿದ್ದರು, ಆಗ ಅದು ನಾಯಿಮರಿಯ ಹಾಗೆ ಗುರ್ ಎನ್ನುತ್ತಿತ್ತು.

ಕೊನೆಗೆ ಮಾವ ತೀರ್ಮಾನಿಸಿದರು. ಶಿರಹಟ್ಟಿಯಲ್ಲಿದ್ದ ನನ್ನ ನಾದಿನಿ, ಅಂದರೆ ಅವರ ಮಗಳು, ಬಾಯಿ ಜೋರಿನ ಹೆಂಗಸು. 'ಅಕಿ ಮುಂದ ಹುಲೀನೂ ಬಾಲ ಮುದುಡತೈತಿ' ಎಂದು ಬುಟ್ಟಿಯನ್ನು ಶಿರಹಟ್ಟಿ ಬಸ್ಸಿನಲ್ಲಿ ತಾವೇ ಒಯ್ದು ಕೊಟ್ಟು ಬಂದರು. ಏನು ಹೇಳಿ ಕೊಟ್ಟಿರಿ ಎಂದು ಅತ್ತೆ ಕೇಳಿದರೆ, ಮಾತು ತಪ್ಪಿಸಿ ಪಂಚೆ ಕೊಡವಿದರು.

ನಾದಿನಿಯಿಂದ ಖಬರೇ ಬರಲಿಲ್ಲ. ಹೊಂದಿಕೊಂಡಿತೇನೋ ಎಂದುಕೊಂಡೆವು. ಅಷ್ಟರಲ್ಲಿ ಒಂದು ದಿನ ಅಂಗಡಿಯ ಫೋನಿಗೆ ಮುಂಡರಗಿಯಿಂದ ನನ್ನ ಅವ್ವನ ಕರೆ.

'ನಿನ್ನ ನಾದಿನಿ ಮೊಲ ಕಳಿಸ್ಯಾಳವಾ, ಗುರುತಿನವರ ಕೈಲೆ. ಬೀಗರಿಗೆ ನಮ್ಮ ಕಡಿಂದ ಉಡುಗೊರಿ, ಭಾಳ ಸಾಧು ಐತಿ ಅಂತ ಹೇಳಿ ಕಳಿಸ್ಯಾಳ.'

'ಕಡಿತೇನವಾ?' ಎಂದು ಕೇಳಿದೆ.

'ಕಡಿತೈತಿ ಅನ್ನೂದು ನಿನಗ ಹೆಂಗ ಗೊತ್ತಾತು?' ಎಂದಳು ಅವ್ವ.

ಹೊಸ ಜಿಲ್ಲೆಯ ದೊಡ್ಡ ಸಾಹೇಬರು ಇನ್ನೂ ಎಲ್ಲ ತಾಲೂಕು ನೋಡಿರಲಿಲ್ಲ. ನಮ್ಮ ಮೊಲ ಆಗಲೇ ನಾಲ್ಕು ಊರು ಸುತ್ತಿ, ಎಲ್ಲ ಕಡೆಯೂ ಹಲ್ಲಿನ ಗುರುತು ಹಾಕಿತ್ತು. ಬೀಗರ ಉಡುಗೊರೆಯನ್ನು ಹಿಂದಿರುಗಿಸುವುದು ಅವಮಾನ, ಬೇರೆಯವರಿಗೆ ದಾಟಿಸುವುದು ಇನ್ನೂ ಅವಮಾನ. ಹೀಗಾಗಿ ಮೊಲ ಅವ್ವನ ಕೊರಳಿಗೆ ಬಿತ್ತು.

ಆ ವರ್ಷದ ಆಷಾಢಕ್ಕೆ ನಾನು ತವರಿಗೆ ಹೋದೆ. ಮದುವೆಯಾದ ಮೊದಲ ವರ್ಷ, ಪಂಚಮಿ ಮುಗಿಯುವವರೆಗೆ ಅಲ್ಲೇ ಇರಬೇಕು. ಅವ್ವ ನನ್ನ ಮುಂದೆ ತನ್ನ ಎರಡೂ ಕೈ ಚಾಚಿ ತೋರಿಸಿದಳು, ಏನೂ ಬೈಯಲಿಲ್ಲ. ಮರುದಿನ ಬುಟ್ಟಿ ಎತ್ತಿಕೊಂಡು ಇಬ್ಬರೂ ದನದ ದವಾಖಾನೆಗೆ ನಡೆದೆವು. ಎಮ್ಮೆ, ಆಡುಗಳ ನಡುವೆ ನಮ್ಮ ಬುಟ್ಟಿ ನೋಡಿ ಜನ ನಗುತ್ತಿದ್ದರು. ಬಯಲುಸೀಮೆಯ ಖಡಕ್ ಮಾತಿನ ಡಾಕ್ಟರಮ್ಮ ಮೊಲದ ಹಲ್ಲು, ಪಾದ, ಹೊಟ್ಟೆ ಎಲ್ಲ ನೋಡಿದರು.

'ನೋವಿದ್ದರೂ ಕಡಿತಾವು, ಅದಕ್ಕ ಮೊದಲ ನೋಡಿದೆ. ಇದಕ್ಕ ಏನೂ ಆಗಿಲ್ಲ. ಇದು ಹೆಣ್ಣು, ಪ್ರಾಯಕ್ಕ ಬಂದೈತಿ. ಇದರ ಕಿವಿ ಹಿಡದು ಯಾರು ಎತ್ತಿದ್ರು?'

'ಎಲ್ಲಾರೂ' ಎಂದೆ.

'ಹೊಡದೋರು?'

'ನಮ್ಮ ಮಾವಾರು. ಪೇಪರ್‌ಲೇ.'

ಅವರು ನಗಲಿಲ್ಲ. 'ನೋಡ್ರಿ, ಮೊಲಕ್ಕ ಅಕ್ಕಪಕ್ಕ, ಹಿಂದ, ಮ್ಯಾಲ ಎಲ್ಲಾ ಕಾಣತೈತಿ. ಮೂಗಿನ ತುದಿಗೆ ಇದ್ದದ್ದು ಮಾತ್ರ ಕಾಣೂದಿಲ್ಲ. ನೀವು ಸೀದಾ ಮೂತಿ ಮುಂದ ಬೆರಳು ಒಯ್ದರ ಅದಕ್ಕ ಗಜ್ಜರಿ ಯಾವುದು, ಬೆರಳು ಯಾವುದು ತಿಳಿಯೂದಿಲ್ಲ. ಮ್ಯಾಲಿಂದ ಕೈ ಹಾಕಿ ಎತ್ತಿದರ ಹದ್ದು ಬಂತು ಅಂತ ಅಂಜತೈತಿ. ಗೂಡು ಅಂದ್ರ ಅದರ ಮನಿ. ನಿಮ್ಮ ಮನ್ಯಾಗ ಯಾರರ ಕೇಳದ ಕೈ ಹಾಕಿದ್ರ ನೀವು ಸುಮ್ನಿರ್ತೀರೇನ್ರಿ?'

'ಇಲ್ರಿ' ಎಂದಳು ಅವ್ವ. ಇದು ಅವ್ವನಿಗೆ ನೇರವಾಗಿ ಅರ್ಥವಾಗುವ ನ್ಯಾಯ.

ಗರ್ಭಚೀಲ ತೆಗೆಯುವ ಆಪರೇಷನ್ ಮಾಡಿದರೆ ಸಿಟ್ಟು ಇಳಿಯುತ್ತದೆ, ಆದರೆ ಮೊಲಕ್ಕೆ ಅದನ್ನು ಇಲ್ಲಿ ಮಾಡಲು ತಾನು ಒಪ್ಪುವುದಿಲ್ಲ ಎಂದು ಅವರು ಹೇಳಿದರು. ಬದಲಿಗೆ ಮಾಡಬೇಕಾದದ್ದನ್ನು ತಿಳಿಸಿದರು. ಗೂಡಿಗೆ ಕೈ ಹಾಕಬೇಡಿ, ಬಾಗಿಲು ತೆರೆದಿಡಿ, ತಾನಾಗಿ ಹೊರಗೆ ಬಂದ ಮೇಲೆ ಒಳಗೆ ಸ್ವಚ್ಛ ಮಾಡಿ. ಮೇವನ್ನು ಬಟ್ಟಲಲ್ಲಿ ಇಡಿ. ಕೈ ತೊಳೆದುಕೊಂಡು ಹತ್ತಿರ ಹೋಗಿ. ಅಡಗಲು ಎರಡು ಕಡೆ ಬಾಯಿರುವ ಪೆಟ್ಟಿಗೆ ಕೊಡಿ. ಮುಟ್ಟುವುದಾದರೆ ಪಕ್ಕದಿಂದ ಕೈ ತಂದು ಹಣೆ ಸವರಿ. ಅಷ್ಟಾಗಿಯೂ ಕಚ್ಚಿದರೆ ಹೊಡೆಯಬೇಡಿ, ಕೈ ಜಗ್ಗಬೇಡಿ, ಮರಿ ಮೊಲ ಕಿರುಚಿದ ಹಾಗೆ ಸಣ್ಣಗೆ 'ಈಂ' ಎನ್ನಿ.

ಈ ಕೊನೆಯದು ಅವ್ವನಿಗೆ ಕಷ್ಟವಾಯಿತು. ಓಣಿಯಲ್ಲಿ ಆಕೆಯದು ದೊಡ್ಡ ದನಿ. ಹಿತ್ತಲಲ್ಲಿ ನಿಂತು ತಾಲೀಮು ಮಾಡಿದಳು. ಮೊದಲ 'ಈಂ' ಕೇಳಿ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, 'ಯಾಕ್ರಿ, ಚೇಳು ಹೊಡೀತೇನ್ರಿ?' ಎಂದು ಕೇಳಿದಳು.

'ಇಲ್ಲವಾ, ಮೊಲದ ಜೋಡಿ ಮಾತಾಡಾಕ ಕಲಿಯಾಕತ್ತೇನಿ' ಎಂದಳು ಅವ್ವ. ಆಕೆ ಎರಡು ದಿನ ನಮ್ಮ ಮನೆಯ ಕಡೆ ಬರಲಿಲ್ಲ.

ಅಪ್ಪ ಕೊರ್ಲಹಳ್ಳಿಯ ಹೊಲಕ್ಕೆ ಹೋದಾಗಲೆಲ್ಲ ಹೊಳೆದಂಡೆಯ ಎಳೆ ಹುಲ್ಲು ಕೊಯ್ದು ತರುತ್ತಿದ್ದ. ನಾವಿಬ್ಬರೂ ಹಿತ್ತಲಲ್ಲಿ ನೆಲಕ್ಕೆ ಕುಳಿತು, ಮೊಲದ ಕಡೆ ನೋಡದೆ, ಶೇಂಗಾ ಸುಲಿಯುತ್ತಿದ್ದೆವು. ಮೊದಮೊದಲು ಅದು ಪೆಟ್ಟಿಗೆಯೊಳಗಿಂದ ಮೂಗು ಮಾತ್ರ ಹೊರಹಾಕುತ್ತಿತ್ತು. ಆಮೇಲೆ ನಮ್ಮ ಸುತ್ತ ಓಡಿತು. ಒಂದು ದಿನ ಬಂದು ನನ್ನ ಸೀರೆಯ ಅಂಚನ್ನು ಹಲ್ಲಲ್ಲಿ ಹಿಡಿದು ಜಗ್ಗಿತು. ಅದರ ದಾರಿಗೆ ನಾನು ಅಡ್ಡ ಕುಳಿತಿದ್ದೆ. ಸರಿದೆ, ಸುಮ್ಮನೆ ಮುಂದೆ ಹೋಯಿತು. ಪಕ್ಕಕ್ಕೆ ಸರಿ ಅನ್ನುವ ಚಿವುಟೇ ಬೇರೆ, ಸಿಟ್ಟಿನ ಕಡಿತವೇ ಬೇರೆ ಎಂದು ಅವತ್ತು ತಿಳಿಯಿತು. ನಡುವೆ ಒಮ್ಮೆ ತನ್ನ ಎದೆಯ ಕೂದಲನ್ನೇ ಕಿತ್ತು ಹುಲ್ಲಿನೊಳಗೆ ಹಾಸಿಗೆ ಮಾಡಿಕೊಂಡಿತು, ಅವ್ವನನ್ನು ಜೋರಾಗಿಯೇ ಕಚ್ಚಿತು. ಅವ್ವ 'ಈಂ' ಎನ್ನುವುದನ್ನು ಮರೆತು ಅದರ ಕುಲವನ್ನೆಲ್ಲ ಬೈದಳು. ಇದು ಸುಳ್ಳು ಬಸಿರು, ಮುಟ್ಟಬೇಡಿ, ತಾನೇ ಇಳಿಯುತ್ತದೆ ಎಂದರು ಡಾಕ್ಟರಮ್ಮ. ಹಾಗೇ ಆಯಿತು.

ಪಂಚಮಿಗೆ ತವರಿಗೆ ಬಂದಿದ್ದ ನಾದಿನಿಯನ್ನೂ ಕರೆದುಕೊಂಡು ಬೆಟಗೇರಿಯವರೆಲ್ಲ ನನ್ನನ್ನು ಕರೆಯಲು ಬಂದರು. ಉಂಡಿ, ಜೋಳದ ಅಳ್ಳು ತಿಂದು ಪಡಸಾಲೆಯಲ್ಲಿ ಕುಳಿತಾಗ ಮೊಲ ಒಳಗಿನಿಂದ ಆರಾಮಾಗಿ ಬಂದು ನಡುವೆ ಕುಳಿತಿತು. ಮಾವ ಎರಡೂ ಪಾದಗಳನ್ನು ಕುರ್ಚಿಯ ಮೇಲೆ ಎತ್ತಿಕೊಂಡರು. ಅತ್ತೆಯ ಕೈ ಸೆರಗಿನೊಳಗೆ ಹೋಯಿತು. ಮೊಲ ಪಳಗಿದ ಸುದ್ದಿಯನ್ನು ಅವ್ವ ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಬೇಡ ಅಂದಿದ್ದಳು.

'ನೀವು ಪ್ರೀತಿಲೇ ಕೊಟ್ಟಿದ್ದು. ಮುಟ್ಟರಿ, ಬೀಗರ' ಎಂದಳು ಅವ್ವ, ಬಹಳ ವಿನಯದಿಂದ.

ಮಾವ ನಾದಿನಿಯ ಕಡೆ ನೋಡಿದರು. ನಾದಿನಿ ಸೂರಿನ ಕಡೆ ನೋಡಿದಳು. ಬೀಗತಿಯ ಮಾತು ಮೀರುವ ಹಾಗಿಲ್ಲ. ಮಾವ ಕಣ್ಣು ಮುಚ್ಚಿ ಕೈ ಚಾಚಿದರು. ಅವ್ವ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ತಂದು ಮೊಲದ ಹಣೆಯ ಮೇಲೆ ಇಟ್ಟಳು. ಮೊಲ ತಲೆ ನೆಲಕ್ಕೆ ಚಾಚಿ ಸುಮ್ಮನೆ ಸವರಿಸಿಕೊಂಡಿತು. ಮಾವ ಒಂದು ಕಣ್ಣು ತೆರೆದರು.

ಇಷ್ಟಕ್ಕೆ ನಾದಿನಿಗೆ ಧೈರ್ಯ ಬಂತು. ಶೇಂಗಾ ಉಂಡಿ ತಿಂದ ಬೆರಳನ್ನು ಹಾಗೇ ಸೀದಾ ಅದರ ಮೂಗಿನ ಮುಂದೆ ಹಿಡಿದಳು. ಮೊಲ ಕಚ್ಚಿತು. ಬಾಯಿ ಜೋರಿನ ನಾದಿನಿ ತನಗೇ ಗೊತ್ತಿಲ್ಲದೆ ಬಹಳ ಸಣ್ಣಗೆ ಕಿರುಚಿದಳು, ಮೊಲ ತಟ್ಟನೆ ಬಿಟ್ಟಿತು.

'ನೋಡವಾ, ನಿನಗ ಯಾರೂ ಕಲಿಸಬೇಕಾಗಲಿಲ್ಲ' ಎಂದು ಅವ್ವ ನೀರಿನ ತಂಬಿಗೆ ತಂದು ಅವಳ ಬೆರಳು ತೊಳೆದಳು. ತೊಳೆಯುತ್ತ ತೊಳೆಯುತ್ತ ಇಬ್ಬರೂ ನಗತೊಡಗಿದರು. ಆಮೇಲೆ ನಾದಿನಿ ತಾನು ಹೇಗೆ ಮೂರು ಕೈ ಬದಲಿಸಿ ಆ ಬುಟ್ಟಿಯನ್ನು ಮುಂಡರಗಿಗೆ ಮುಟ್ಟಿಸಿದೆ ಎಂಬುದನ್ನೆಲ್ಲ ಬಾಯಿಬಿಟ್ಟಳು. ಮಾವ ಕೇಳಿದರೂ ಕೇಳದವರ ಹಾಗೆ ಮೊಲದ ಹಣೆ ಸವರುತ್ತಲೇ ಇದ್ದರು.

ಸಂಜೆಯ ಬಸ್ಸಿಗೆ ನಾವು ಬೆಟಗೇರಿಗೆ ಹೊರಟೆವು. ಮೊಲ ಮುಂಡರಗಿಯಲ್ಲೇ ಉಳಿಯಿತು, ಬಹಳ ವರ್ಷ ಬದುಕಿತು. ಮುಂದೆ ನಾದಿನಿ ವರ್ಷಕ್ಕೆ ಒಂದೆರಡು ಸಲ ಅದನ್ನು ನೋಡುವ ನೆಪದಲ್ಲಿ ನನ್ನ ಅವ್ವನ ಮನೆಗೆ ಹೋಗಿ ಇದ್ದು ಬರುತ್ತಿದ್ದಳು. ಇಬ್ಬರೂ ಹಿತ್ತಲಲ್ಲಿ ಕುಳಿತು ಏನು ಮಾತಾಡುತ್ತಿದ್ದರೋ ನನಗೆ ಹೇಳುತ್ತಿರಲಿಲ್ಲ. ಬಹುಶಃ ನನ್ನದೇ ಸುದ್ದಿ ಇರಬೇಕು.